ಶನಿಯನ್ನು ಎರಡು ಸಲ ಬರೆದವರು

ಹೋದ ಆಗಸ್ಟಿನಲ್ಲಿ ಅತ್ತೆ ಹಾಸನದಿಂದ ಬಂದಿದ್ದರು. ಗೋಲ್ಡನ್ ಗೇಟ್ ಸೇತುವೆ ಆಯಿತು, ಲಿವರ್‌ಮೋರ್ ದೇವಸ್ಥಾನ ಆಯಿತು. ಇನ್ನೇನು ತೋರಿಸೋಣ ಅಂತ ಯೋಚಿಸುತ್ತಿದ್ದಾಗ ಮಗಳು ಹ್ಯಾಮಿಲ್ಟನ್ ಬೆಟ್ಟದ ಹೆಸರು ತೆಗೆದಳು. ಸ್ಯಾನ್ ಹೋಸೆ ಸುತ್ತಮುತ್ತ ಇರುವ ನಮಗೆಲ್ಲ ಅದು ದಿನಾ ಕಣ್ಣಿಗೆ ಬೀಳುವ ಬೆಟ್ಟ. ಆಕಾಶ ತಿಳಿಯಾಗಿದ್ದ ದಿನ ಪೂರ್ವಕ್ಕೆ ನೋಡಿದರೆ ತುದಿಯಲ್ಲಿ ಪುಟ್ಟ ಬಿಳಿ ಗುಮ್ಮಟ ಕಾಣುತ್ತದೆ. ಅದೇ ಲಿಕ್ ವೀಕ್ಷಣಾಲಯ. ಹದಿನೈದು ವರ್ಷದಿಂದ ಕೆಳಗಿನಿಂದಲೇ ನೋಡಿದ್ದೆ, ಒಂದು ಸಲವೂ ಹತ್ತಿರಲಿಲ್ಲ. ಬೇಸಿಗೆಯ ಕೆಲವು ರಾತ್ರಿ ಅಲ್ಲಿ ಜನರಿಗೆ ಟೆಲಿಸ್ಕೋಪಿನಲ್ಲಿ ಆಕಾಶ ತೋರಿಸುತ್ತಾರೆ. ಟಿಕೆಟ್ ಸಿಕ್ಕಿತು. ಚಪಾತಿ, ಮೊಸರನ್ನ ಕಟ್ಟಿಕೊಂಡು ಹೊರಟೆವು.

ಬೆಟ್ಟದ ಎತ್ತರ ಸುಮಾರು 4,200 ಅಡಿ. ದಾರಿಯುದ್ದಕ್ಕೂ ತಿರುವೋ ತಿರುವು. ಚಾರ್ಮಾಡಿ ಘಾಟಿ ಹತ್ತಿದ ಹಾಗೇ ಇದೆ ಅಂದರು ಅತ್ತೆ. ಮೇಲೆ ಗುಮ್ಮಟದ ಒಳಗೆ 1888ರಿಂದ ನಿಂತಿರುವ ದೊಡ್ಡ ಟೆಲಿಸ್ಕೋಪ್. ಗಾಜಿನ ಅಗಲ 36 ಇಂಚು, ಕೊಳವೆಯ ಉದ್ದ 57 ಅಡಿ. ನೋಡುವವರ ಕಣ್ಣಿಗೆ ಸರಿಯಾಗುವಂತೆ ಮರದ ನೆಲವನ್ನೇ ಮೇಲೆ ಕೆಳಗೆ ಮಾಡುವ ವ್ಯವಸ್ಥೆ ಇದೆ. ಇದನ್ನೆಲ್ಲ ಕಟ್ಟಿಸಲು ದುಡ್ಡು ಕೊಟ್ಟ ಜೇಮ್ಸ್ ಲಿಕ್ ಅವರ ಸಮಾಧಿ ಆ ಟೆಲಿಸ್ಕೋಪಿನ ಬುಡದಲ್ಲೇ ಇದೆ. ಹಾಗಂತ ಹೇಳಿದ್ದೇ ತಡ, ಅತ್ತೆ ಗದ್ದುಗೆಗೆ ಮುಗಿಯುವ ಹಾಗೆ ಕೈ ಮುಗಿದರು.

ಆವತ್ತು ತೋರಿಸಿದ್ದು ಶನಿಯನ್ನು. ಅತ್ತೆ ಹಿಂದೆ ಸರಿದರು. ನಮ್ಮ ಕಡೆ ಶನಿ ಅಂದರೆ ಗೊತ್ತಲ್ಲ. ಶನಿವಾರ ಎಳ್ಳೆಣ್ಣೆ ದೀಪ ಹಚ್ಚುತ್ತೇವೆ, ಹೆಸರು ಎತ್ತುವಾಗ 'ಮಹಾತ್ಮ' ಅಂತ ಸೇರಿಸುತ್ತೇವೆ, ಅವನ ದೃಷ್ಟಿ ಬೀಳದಿರಲಿ ಅಂತ ಬೇಡಿಕೊಳ್ಳುತ್ತೇವೆ. ಹಾಗಿರುವಾಗ ನಾವೇ ಹೋಗಿ ಅವನನ್ನು ದಿಟ್ಟಿಸಿ ನೋಡೋದಾ? ಮಗಳು ಕೈ ಹಿಡಿದು ಕರೆದುಕೊಂಡು ಹೋದಳು. ಅತ್ತೆ ಕನ್ನಡಕ ತೆಗೆದು, ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಬಗ್ಗಿದರು. ಬಗ್ಗಿದವರು ಏಳಲೇ ಇಲ್ಲ. ಹಿಂದೆ ಸಾಲು ಬೆಳೆಯುತ್ತಿತ್ತು. ಕೊನೆಗೆ ತಲೆ ಎತ್ತಿ ಅಂದರು: "ಇಷ್ಟು ಚೆಂದ ಇದ್ದಾನಲ್ಲಮ್ಮಾ! ಸುಮ್ನೆ ಹೆದರಿಕೊಂಡಿದ್ವಿ ಇಷ್ಟು ವರ್ಷ."

ಆ ಮಾತು ಕೇಳಿದಾಗ ನನಗೆ ಚೆಸ್ಲಿ ಬಾನೆಸ್ಟೆಲ್ ನೆನಪಾದರು. ಹೆಸರಲ್ಲೇ ಬಾನು ಇದೆ ಅನ್ನುತ್ತಾಳೆ ಮಗಳು. ವಿಜ್ಞಾನ ಕಥೆಗಳ ಪತ್ರಿಕೆಗಳಿಗೆ ಮುಖಪುಟ ಬರೆದ ಈ ಕಲಾವಿದರು ನಮ್ಮ ಪಕ್ಕದ ಸ್ಯಾನ್ ಫ್ರಾನ್ಸಿಸ್ಕೋದವರು. ಹುಟ್ಟಿದ್ದು 1888ರ ಜನವರಿ 1ರಂದು. ಲೆಕ್ಕ ಹಾಕಿದರೆ ಅವರಿಗೂ ಆ ಟೆಲಿಸ್ಕೋಪಿಗೂ ಒಂದೇ ವಯಸ್ಸು. 1905ರಲ್ಲಿ, ಹದಿನೇಳರ ಹುಡುಗ, ಗೆಳೆಯನ ಜೊತೆ ಇದೇ ಬೆಟ್ಟ ಹತ್ತಿದರು, ಅದೂ ನಡೆದುಕೊಂಡು. ದೊಡ್ಡ ಟೆಲಿಸ್ಕೋಪಿನಲ್ಲಿ ಚಂದ್ರನನ್ನು ನೋಡಿದರು. ಆದರೆ ಮನಸ್ಸು ಸೋತಿದ್ದು ಪಕ್ಕದ 12 ಇಂಚಿನ ಟೆಲಿಸ್ಕೋಪಿನಲ್ಲಿ ಕಂಡ ಶನಿಗೆ. ಮನೆಗೆ ಬಂದವರೇ ಕುಂಚ ಹಿಡಿದು ಶನಿಯನ್ನು ಬರೆದರು.

ಆ ಚಿತ್ರ ಇವತ್ತು ಇಲ್ಲ. 1906ರ ಏಪ್ರಿಲ್ 18ರ ಬೆಳಗಿನ ಜಾವ ಭೂಕಂಪವಾಯಿತು. ಅದರ ಹಿಂದೆಯೇ ಎದ್ದ ಬೆಂಕಿ ಊರನ್ನೇ ಸುಟ್ಟಿತು. ಹುಡುಗನ ಶನಿಯೂ ಅದರಲ್ಲಿ ಬೂದಿಯಾಯಿತು.

ಆಮೇಲಿನ ಮೂವತ್ತು ವರ್ಷ ಹೊಟ್ಟೆಪಾಡಿನ ಕೆಲಸ. ನ್ಯೂಯಾರ್ಕಿನಲ್ಲಿ ವಾಸ್ತುಶಿಲ್ಪ ಓದಿದರು. ಕ್ರೈಸ್ಲರ್ ಕಟ್ಟಡದ ಹೊರಮೈ ವಿನ್ಯಾಸದಲ್ಲಿ ಅವರ ಕೈ ಇದೆ. ಗೋಲ್ಡನ್ ಗೇಟ್ ಸೇತುವೆ ಕಟ್ಟುವ ಮೊದಲು, ಅದು ಹೇಗೆ ಏಳುತ್ತದೆ ಅಂತ ಜನರಿಗೆ ತಿಳಿಯಲಿ ಎಂದು ಚಿತ್ರಗಳನ್ನು ಬರೆದುಕೊಟ್ಟವರಲ್ಲಿ ಇವರೂ ಒಬ್ಬರು. ಅತ್ತೆಯನ್ನು ನಿಲ್ಲಿಸಿ ನಾವು ಫೋಟೋ ತೆಗೆದ ಅದೇ ಸೇತುವೆ! ಐವತ್ತರ ಹೊತ್ತಿಗೆ, 1938ರಲ್ಲಿ, ಹಾಲಿವುಡ್ ಸೇರಿದರು. ಅಲ್ಲಿ ಮ್ಯಾಟ್ ಪೇಂಟಿಂಗ್ ಕೆಲಸ. ಸಿನಿಮಾದಲ್ಲಿ ಅರಮನೆ ಬೇಕು, ಬೆಟ್ಟ ಬೇಕು, ಕಟ್ಟಿಸುವಷ್ಟು ದುಡ್ಡಿಲ್ಲ. ಆಗ ಅದನ್ನು ಬಣ್ಣದಲ್ಲಿ ಬರೆದು, ನಟರು ಇರುವ ದೃಶ್ಯದ ಜೊತೆ ಸೇರಿಸಿಬಿಡುತ್ತಾರೆ. ನೋಡುವವರಿಗೆ ಚಿತ್ರ ಯಾವುದು, ನಿಜ ಯಾವುದು ಗೊತ್ತಾಗಬಾರದು. ಕ್ಯಾಮೆರಾ ಎಲ್ಲಿ ನಿಂತಿದೆ, ಬೆಳಕು ಯಾವ ಕಡೆಯಿಂದ ಬೀಳುತ್ತಿದೆ ಅನ್ನುವುದು ಕೂದಲೆಳೆಯಷ್ಟೂ ತಪ್ಪುವ ಹಾಗಿಲ್ಲ.

ಈ ಕೆಲಸ ಮಾಡುತ್ತಲೇ ಅವರಿಗೆ ಹಳೆಯ ಶನಿ ನೆನಪಾಗಿದ್ದು. ಕ್ಯಾಮೆರಾವನ್ನು ಭೂಮಿಯ ಮೇಲೇ ಯಾಕೆ ಇಡಬೇಕು? ಶನಿಯ ಚಂದ್ರರ ಮೇಲೆ ಇಟ್ಟರೆ? ಒಂದು ಚಂದ್ರನಿಂದ ಇನ್ನೊಂದಕ್ಕೆ ಪ್ರಯಾಣ ಮಾಡಿದರೆ? ಇದನ್ನು ಯಾವ ಸ್ಟುಡಿಯೋನೂ ಕೇಳಿರಲಿಲ್ಲ. ತಮ್ಮ ಖುಷಿಗೆ ತಾವೇ ಲೆಕ್ಕ ಹಾಕುತ್ತಾ, ಚಿತ್ರ ಬರೆಯುತ್ತಾ ಹೋದರು.

ಆ ಲೆಕ್ಕ ಎಷ್ಟು ಚೆಂದ ಅಂದರೆ, ನಾವೂ ಮನೆಯಲ್ಲಿ ಕೂತು ಹಾಕಬಹುದು. ಶನಿಯ ಅಗಲ ಸುಮಾರು 1,20,000 ಕಿಲೋಮೀಟರ್. ಟೈಟನ್ ಅನ್ನುವ ಚಂದ್ರ ಶನಿಯಿಂದ ಸುಮಾರು 12 ಲಕ್ಷ ಕಿಲೋಮೀಟರ್ ದೂರ. ಅಂದರೆ ಟೈಟನ್ ಮೇಲೆ ನಿಂತವರಿಗೆ ಶನಿ ಸುಮಾರು ಐದೂವರೆ ಡಿಗ್ರಿ ಅಗಲ ಕಾಣಬೇಕು. ತೋಳು ಚಾಚಿ ಮೂರು ಬೆರಳು ಜೋಡಿಸಿ ಹಿಡಿಯಿರಿ, ಹೆಚ್ಚುಕಡಿಮೆ ಅಷ್ಟು. ನಮ್ಮ ಹುಣ್ಣಿಮೆ ಚಂದ್ರನ ಹತ್ತು ಪಟ್ಟಿಗಿಂತ ಜಾಸ್ತಿ. ಮೈಮಾಸ್ ಅನ್ನುವ ಒಳಗಿನ ಚಂದ್ರನಿಂದ ನೋಡಿದರೆ ಸುಮಾರು 38 ಡಿಗ್ರಿ. ಚಾಚಿದ ತೋಳಿನ ಹೆಚ್ಚುಕಡಿಮೆ ನಾಲ್ಕು ಮುಷ್ಟಿ! ಇನ್ನೊಂದು ವಿಷಯವೂ ಇದೆ. ಟೈಟನ್, ಮೈಮಾಸ್ ಎಲ್ಲ ಶನಿಯ ಸುತ್ತ ಇರುವ ಬಳೆಯ ಮಟ್ಟದಲ್ಲೇ ಸುತ್ತುತ್ತವೆ. ಹಾಗಾಗಿ ಅಲ್ಲಿಂದ ಬಳೆ ಬಳೆಯಾಗಿ ಕಾಣುವುದಿಲ್ಲ, ಬರೀ ಒಂದು ಗೆರೆ. ಚೆನ್ನಾಗಿ ಕಾಣಲಿ ಅಂತ ಅವರು ಬಳೆಯನ್ನು ಅಗಲಿಸಿ ಬರೆಯಬಹುದಿತ್ತು. ಹಾಗೆ ಮಾಡಲಿಲ್ಲ. ಗೆರೆಯನ್ನೇ ಬರೆದರು.

1944ರ ಮೇ ತಿಂಗಳಲ್ಲಿ 'ಲೈಫ್' ಪತ್ರಿಕೆ ಆ ಚಿತ್ರಗಳನ್ನು ಅಚ್ಚು ಹಾಕಿತು. ಆಗ ಬಾನೆಸ್ಟೆಲ್ ಅವರಿಗೆ 56 ವರ್ಷ. ಟೈಟನ್‌ನಿಂದ ಕಂಡ ಶನಿಯ ಚಿತ್ರ ನೀವೂ ಎಲ್ಲಾದರೂ ನೋಡಿರಬಹುದು. ಹಿಮ ಮೆತ್ತಿದ ಕಡಿದಾದ ಬಂಡೆಗಳು, ನೀಲಿ ಆಕಾಶ, ಬಂಡೆಗಳ ನಡುವೆ ಅರೆಬರೆ ಬೆಳಗಿದ ಶನಿ. ನನಗೆ ಅದರಲ್ಲಿ ಜಾಸ್ತಿ ಇಷ್ಟ ಆಗುವುದು ಶನಿ ಅಲ್ಲ, ಕೆಳಗಿನ ನೆಲ. ಪುಸ್ತಕದಲ್ಲಿ ಶನಿ ಯಾವಾಗಲೂ ಕಪ್ಪು ಹಾಳೆಯ ಮೇಲಿನ ಒಂದು ಗುಂಡು. ಇಲ್ಲಿ ಹಾಗಲ್ಲ. ಕಾಲಿಟ್ಟರೆ ಹಿಮ ಕರಕರ ಅನ್ನುತ್ತದೇನೋ ಅನ್ನಿಸುತ್ತದೆ. ಅಲ್ಲಿ ಒಂದು ಊರಿದ್ದರೆ, ಅಂಗಳದಲ್ಲಿ ನಿಂತು ಮಗುವಿಗೆ ಊಟ ಮಾಡಿಸುವಾಗ ತೋರಿಸುವ ಶನಿ ಅದು.

ಎಷ್ಟೋ ಜನ ಇದೇ ಚಿತ್ರ ನೋಡಿ ಬಾಹ್ಯಾಕಾಶದ ಕೆಲಸಕ್ಕೆ ಬಂದರು ಅನ್ನುತ್ತಾರೆ. 1952ರಿಂದ 'ಕಾಲಿಯರ್ಸ್' ಪತ್ರಿಕೆಯಲ್ಲಿ ರಾಕೆಟ್ ಪರಿಣತ ವರ್ನರ್ ಫಾನ್ ಬ್ರಾನ್ ಮತ್ತಿತರ ಲೇಖನಗಳಿಗೆ ಚಿತ್ರ ಬರೆದವರಲ್ಲೂ ಇವರು ಮುಖ್ಯರು. ಅದೆಲ್ಲ ದೊಡ್ಡ ಕಥೆ, ಬೇರೆ ಕಡೆ ಬೇಕಾದಷ್ಟು ಓದಲು ಸಿಗುತ್ತದೆ.

ಅವರ ತಪ್ಪುಗಳ ಬಗ್ಗೆ ಮಾತ್ರ ಹೇಳಲೇಬೇಕು. ಬಾಸ್ಟನ್ನಿನ ವಿಜ್ಞಾನ ಸಂಗ್ರಹಾಲಯಕ್ಕೆ ಅವರು 40 ಅಡಿ ಉದ್ದದ ಚಂದ್ರನ ಭಿತ್ತಿಚಿತ್ರ ಬರೆದುಕೊಟ್ಟರು. 1957ರಲ್ಲಿ ಅದು ಗೋಡೆಗೆ ಏರಿತು. ಗರಗಸದ ಹಲ್ಲಿನಂಥ ಚೂಪು ಬೆಟ್ಟಗಳು. ಗಾಳಿ ಇಲ್ಲ, ಮಳೆ ಇಲ್ಲ, ಬೆಟ್ಟ ಸವೆಯೋದಾದರೂ ಹೇಗೆ ಅನ್ನುವುದು ಆಗಿನ ಲೆಕ್ಕ. 1969ರಲ್ಲಿ ಮನುಷ್ಯ ಚಂದ್ರನ ಮೇಲೆ ಇಳಿದ. ಅಪೊಲೊ ಯಾನಿಗಳು ತಂದ ಫೋಟೋಗಳಲ್ಲಿ ಇದ್ದದ್ದು ನಮ್ಮ ಬಯಲುಸೀಮೆಯ ಗುಡ್ಡಗಳ ಹಾಗೆ ನುಣುಪಾದ ದಿಣ್ಣೆಗಳು. ಕೋಟ್ಯಂತರ ವರ್ಷದಿಂದ ಬೀಳುತ್ತಿರುವ ಸಣ್ಣ ಸಣ್ಣ ಉಲ್ಕೆಯ ಚೂರುಗಳೇ ಅವುಗಳನ್ನು ಸವೆಸಿದ್ದವು. ಫ್ರಾನ್ಸಿನ ಕಲಾವಿದ ಲೂಸಿಯನ್ ರುಡೋ ಮಾತ್ರ ಚಂದ್ರನ ಅಂಚನ್ನು ಟೆಲಿಸ್ಕೋಪಿನಲ್ಲಿ ತಾಳ್ಮೆಯಿಂದ ನೋಡಿ, ಎಷ್ಟೋ ಮೊದಲೇ ಅಂಥ ನುಣುಪು ಬೆಟ್ಟಗಳನ್ನು ಬರೆದಿದ್ದರು. 1970ರಲ್ಲಿ ಬಾಸ್ಟನ್ನಿನವರು ಬಾನೆಸ್ಟೆಲ್ ಅವರ ಚಿತ್ರವನ್ನು ಗೋಡೆಯಿಂದ ಇಳಿಸಿಬಿಟ್ಟರು. ಆಮೇಲೆ ಅದು ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಗ್ರಹಾಲಯಕ್ಕೆ ಹೋಯಿತು.

ಟೈಟನ್ ಕಥೆಯೂ ಹಾಗೇ. 2005ರ ಜನವರಿ 14ರಂದು ಹೈಗೆನ್ಸ್ ನೌಕೆ ಅಲ್ಲಿ ಇಳಿದಾಗ ಕಂಡಿದ್ದು ಕಿತ್ತಳೆ ಬಣ್ಣದ ದಟ್ಟ ಮಬ್ಬು. ನೀಲಿ ಆಕಾಶ ಇಲ್ಲ, ಆ ಮಬ್ಬಿನಲ್ಲಿ ನೆಲದ ಮೇಲಿಂದ ಶನಿ ಕಾಣುವುದೂ ಇಲ್ಲ. ಆದರೂ ನನಗೆ ಆ ಚಿತ್ರದ ಮೇಲಿನ ಪ್ರೀತಿ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಿಲ್ಲ. ಗೊತ್ತಿದ್ದಷ್ಟನ್ನು ಪ್ರಾಮಾಣಿಕವಾಗಿ ಲೆಕ್ಕ ಹಾಕಿ ಬರೆದ ಚಿತ್ರ ಅದು. ಅಲ್ಲಿಗೆ ಹೋಗಿ ನೋಡಬೇಕು ಅನ್ನುವ ಆಸೆ ಹುಟ್ಟಿಸಿದ್ದೂ ಅಂಥ ಚಿತ್ರಗಳೇ ಅಲ್ವಾ?

ಮುಪ್ಪಿನಲ್ಲೂ ಅವರು ಸುಮ್ಮನೆ ಕೂರಲಿಲ್ಲ. ಕ್ಯಾಲಿಫೋರ್ನಿಯಾದ ಹಳೆಯ ಸ್ಪ್ಯಾನಿಷ್ ಮಿಷನ್‌ಗಳು, ಅಂದರೆ ಪಾದ್ರಿಗಳು ಕಟ್ಟಿದ ಚರ್ಚಿನ ನೆಲೆಗಳು, ತಮ್ಮ ಒಳ್ಳೆಯ ದಿನಗಳಲ್ಲಿ ಹೇಗಿದ್ದವು ಅಂತ ಬರೆದರು. ಆ ಚಿತ್ರಗಳ ಪುಸ್ತಕ 1974ರಲ್ಲಿ ಬಂತು. ಅವು ನಮ್ಮ ಮಕ್ಕಳು ನಾಲ್ಕನೇ ಕ್ಲಾಸಿನಲ್ಲಿ ರಟ್ಟಿನಲ್ಲಿ ಮಾಡಿಕೊಂಡು ಹೋಗುತ್ತಿದ್ದ ಅದೇ ಮಿಷನ್‌ಗಳು. ದೂರದ ಗ್ರಹ ಬರೆದ ಕೈ ಹಿಂದಿನ ಕಾಲವನ್ನೂ ಅಷ್ಟೇ ಅಕ್ಕರೆಯಿಂದ ಬರೆಯಿತು. 1986ರಲ್ಲಿ, ತೊಂಬತ್ತೆಂಟನೇ ವಯಸ್ಸಿನಲ್ಲಿ, ಕಾರ್ಮೆಲ್‌ನಲ್ಲಿ ತೀರಿಕೊಂಡರು. ಈಸೆಲ್ ಮೇಲೆ ಅರ್ಧ ಮುಗಿದ ಚಿತ್ರ ಇತ್ತಂತೆ. ಶನಿ ಸೂರ್ಯನನ್ನು ಒಂದು ಸುತ್ತು ಹಾಕಲು ಇಪ್ಪತ್ತೊಂಬತ್ತೂವರೆ ವರ್ಷ ಬೇಕು. ಅವರ ಆಯುಸ್ಸಿನಲ್ಲಿ ಮೂರು ಸುತ್ತು ಮುಗಿದು ನಾಲ್ಕನೆಯದು ನಡೆದಿತ್ತು.

ಇಷ್ಟೆಲ್ಲ ಯಾಕೆ ಬರೆದೆ ಅಂದರೆ, ನಮ್ಮ ಕೂಟದ ಈ ಪತ್ರಿಕೆಯಲ್ಲಿ ಮುಂದಿನ ಸಂಚಿಕೆಯಿಂದ ಎರಡು ಪುಟ ಸದಸ್ಯರ ಚಿತ್ರಗಳಿಗೆ ಅಂತ ಎತ್ತಿಡುತ್ತಿದ್ದೇವೆ. ಸ್ಪರ್ಧೆ ಇಲ್ಲ, ವಿಷಯ ಕೊಡುವುದಿಲ್ಲ, ವಯಸ್ಸಿನ ಮಿತಿಯೂ ಇಲ್ಲ. ಯುಗಾದಿ ಪೋಸ್ಟರ್, ರಾಜ್ಯೋತ್ಸವದ ಬ್ಯಾನರ್ ಅಂತ ನಾವು ಹೇಳಿ ಬರೆಸಿದ್ದು ಬೇಡ. ಯಾರೂ ಕೇಳದೆ, ಆಫೀಸು ಮುಗಿಸಿ ಬಂದು, ಮಕ್ಕಳು ಮಲಗಿದ ಮೇಲೆ ಊಟದ ಮೇಜಿನ ಮೇಲೆ ಬರೆದದ್ದು ಇದೆಯಲ್ಲ, ಅದನ್ನು ಕೊಡಿ. ಹಿಂದೆ ಬರೆಯುತ್ತಿದ್ದೆ, ಈಗ ಬಿಟ್ಟಿದ್ದೇನೆ ಅನ್ನುವವರು ನಮ್ಮ ಕೂಟದಲ್ಲಿ ಎಷ್ಟು ಜನ ಇದ್ದೀರಿ ಅಂತ ನನಗೆ ಗೊತ್ತು. ಪಿಕ್‌ನಿಕ್‌ನಲ್ಲಿ ಹೇಳಿಕೊಂಡಿದ್ದೀರಿ. ಐವತ್ತು ದಾಟಿದ ಮೇಲೆ ಒಬ್ಬರು ಮತ್ತೆ ಶುರು ಮಾಡಿದರು ನೋಡಿ.

ಈ ಸಂಚಿಕೆಯ ಮುಖಪುಟದ ಬಗ್ಗೆಯೂ ಹೇಳಿಬಿಡುತ್ತೇನೆ. ಬೆಟ್ಟದಿಂದ ಇಳಿದು ಬಂದ ಎರಡನೆಯ ದಿನ ಶನಿವಾರ. ನಾನು ಏಳುವ ಹೊತ್ತಿಗೆ ಅತ್ತೆ ಡ್ರೈವ್‌ವೇಯಲ್ಲಿ ಕೂತಿದ್ದರು, ಪಕ್ಕದಲ್ಲಿ ರಂಗೋಲಿ ಪುಡಿಯ ಡಬ್ಬ. ಚುಕ್ಕಿ ಇಟ್ಟಿರಲಿಲ್ಲ. ನಡುವೆ ಒಂದು ಗುಂಡು, ಅದರ ಸುತ್ತ ಓರೆಯಾಗಿ ಬಳೆ. ಬಳೆ ಗುಂಡಿನ ಮುಂದೆ ಹಾದುಹೋಗುವ ಕಡೆ ಎಳೆ ಗಟ್ಟಿಯಾಗಿತ್ತು. ಹಿಂದೆ ಮರೆಯಾಗುವ ಕಡೆ ಎಳೆಯನ್ನು ಸರಿಯಾಗಿ ಅಂಚಿಗೆ ನಿಲ್ಲಿಸಿ, ಪುಡಿ ಹಿಡಿದ ಬೆರಳನ್ನು ಗುಂಡಿನ ಆಚೆಗೆ ಎತ್ತಿಕೊಂಡು ಹೋಗಿ, ಅಲ್ಲಿಂದ ಮತ್ತೆ ಬಿಟ್ಟಿದ್ದರು. ಯಾರೂ ಹೇಳಿಕೊಟ್ಟಿರಲಿಲ್ಲ. ನಾನು ಫೋನ್ ತರಲು ಒಳಗೆ ಓಡಿದೆ. "ತಡಿ, ಇನ್ನೂ ಮುಗಿದಿಲ್ಲ" ಅಂತ ಕೂಗಿದರು. ಬಂದು ನೋಡಿದರೆ ಕೆಳಗೆ ಸಾಲಾಗಿ ಬೆಟ್ಟ ಎಳೆಯುತ್ತಿದ್ದರು.