ತಾರೀಖು ಮುಗಿದ ಕಾರ್ಡು, ಮುಗಿಯದ ವಾಸ

ಮಾನ್ಯ ಸಂಪಾದಕರೇ,

ಉಕ್ರೇನಿನ ನಿರಾಶ್ರಿತರನ್ನು ಕುರಿತು ನಿಮ್ಮಲ್ಲಿ ಈಚೆಗೆ ಪ್ರಕಟವಾದ ಓದುಗರ ಪತ್ರವೊಂದು, ‘ಇಂದಲ್ಲ ನಾಳೆ ಊರಿಗೆ ಮರಳುವವರಿಗೆ ಯುರೋಪಿನ ದೇಶಗಳು ಕಾಯಂ ನೆಲೆಯನ್ನೇಕೆ ಕೊಡಬೇಕು?’ ಎಂದು ಕೇಳಿತ್ತು. ಒಂಬತ್ತು ವರ್ಷಗಳಿಂದ ಜರ್ಮನಿಯ ಲೈಪ್‌ಜಿಗ್‌ನಲ್ಲಿ ನೌಕರಿ ಮಾಡಿಕೊಂಡಿರುವ ಧಾರವಾಡದವನಾದ ನನಗೆ, ಕಾಯಂ ನೆಲೆ ಸಿಗದಿರುವುದೇ ಅವರ ಮರಳುವಿಕೆಗೆ ಅಡ್ಡಿಯಾಗಿದೆ ಎನಿಸಿದೆ.

ನಮ್ಮ ಮೇಲಿನ ಮಹಡಿಯಲ್ಲಿ ಉಕ್ರೇನಿನ ಖಾರ್ಕಿವ್ ನಗರದಿಂದ ಬಂದ ತಾಯಿ, ಮಗ ಇದ್ದಾರೆ. (ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ 2022ರ ಮಾರ್ಚ್ 1ರಂದು ದಾಳಿಗೆ ಬಲಿಯಾದದ್ದು ಅದೇ ಊರಿನಲ್ಲಿ.) ಅಲ್ಲಿ ಗಣಿತದ ಮೇಡಂ ಆಗಿದ್ದ ಆಕೆ ಇಲ್ಲಿ ವೃದ್ಧಾಶ್ರಮವೊಂದರ ಅಡುಗೆಮನೆಯಲ್ಲಿ ದುಡಿಯುತ್ತಾರೆ. ಆಕೆ ಬೇರೆ ಬಾಡಿಗೆ ಮನೆ ನೋಡಲು ಹೊರಟಾಗ ನಾನೂ ಜೊತೆಗೆ ಹೋಗಿದ್ದೆ. ಮಾಲೀಕರು ಆಕೆಯ ನಿವಾಸ ಪರವಾನಗಿಯ ಕಾರ್ಡನ್ನು ತಿರುಗಿಸಿ ನೋಡಿ, ‘ಇದು 2024ರ ಮಾರ್ಚ್ 4ಕ್ಕೇ ಮುಗಿದಿದೆಯಲ್ಲ’ ಎಂದರು. ಆಕೆ ಕೈಚೀಲದಿಂದ ನಾಲ್ಕು ಮಡಿಕೆಯ ಕಾಗದವೊಂದನ್ನು ತೆಗೆದುಕೊಟ್ಟರು. ಹಳೆಯ ಕಾರ್ಡೇ ಚಾಲ್ತಿಯಲ್ಲಿದೆ, ಹೊಸದು ಬೇಕಿಲ್ಲ ಎಂಬ ಸರ್ಕಾರಿ ಆದೇಶದ ಪ್ರತಿ ಅದು. ಮಡಿಕೆ ಬಿದ್ದಲ್ಲೆಲ್ಲ ಅಕ್ಷರ ಅಳಿಸಿಹೋಗಿತ್ತು. ಮಾಲೀಕರು ಅದನ್ನು ಪೂರ್ತಿ ಓದಿ, ಆಮೇಲೆ ತಿಳಿಸುತ್ತೇನೆಂದರು. ತಿಳಿಸಲಿಲ್ಲ.

ಯುಗೊಸ್ಲಾವಿಯಾದ ಯುದ್ಧಗಳ ಅನುಭವದಿಂದ ಐರೋಪ್ಯ ಒಕ್ಕೂಟವು 2001ರಲ್ಲಿ ರೂಪಿಸಿ, ಇಪ್ಪತ್ತು ವರ್ಷ ಬಳಸದೆ ಇಟ್ಟಿದ್ದ ‘ತಾತ್ಕಾಲಿಕ ರಕ್ಷಣೆ’ಯ ನಿಯಮ ಮೊದಲ ಬಾರಿಗೆ ಜಾರಿಗೆ ಬಂದದ್ದು 2022ರ ಮಾರ್ಚ್ 4ರಂದು. ಒಬ್ಬೊಬ್ಬರದೂ ಆಶ್ರಯದ ಅರ್ಜಿ, ವಿಚಾರಣೆ ಎಂದು ಕಾಯಿಸದೆ ಕೆಲಸ, ಶಾಲೆ, ಚಿಕಿತ್ಸೆಗಳ ಹಕ್ಕನ್ನು ಕೂಡಲೇ ಕೊಟ್ಟ ಆ ಕ್ರಮ ನಿಜಕ್ಕೂ ದೊಡ್ಡದು. ಇಂದು ಅದರಡಿ 40 ಲಕ್ಷಕ್ಕೂ ಹೆಚ್ಚು ಜನ ಬದುಕುತ್ತಿದ್ದಾರೆ. ಜರ್ಮನಿಯೊಂದರಲ್ಲೇ 11 ಲಕ್ಷ ಮೀರಿದ್ದಾರೆ. ಆದರೆ ಕಂತು ಕಂತಾಗಿ 2027ರ ಮಾರ್ಚ್ 4ರವರೆಗೆ ಎಳೆದುಕೊಂಡು ಬಂದ ಈ ವರ್ಷಗಳು ಒಕ್ಕೂಟದ ದೀರ್ಘಾವಧಿ ನಿವಾಸದ ಹಕ್ಕಿಗೆ ಬೇಕಾದ 5 ವರ್ಷಗಳ ಲೆಕ್ಕಕ್ಕೆ ಸೇರುವುದಿಲ್ಲ. ಬ್ರಿಟನ್ನಿನ ಪ್ರತ್ಯೇಕ ಯೋಜನೆಯಲ್ಲಿಯೂ ಇದೇ ಕಥೆ. ಪದವೀಧರ ನೌಕರರಿಗೆ ಕೊಡುವ ‘ಬ್ಲೂ ಕಾರ್ಡ್’ ಪರವಾನಗಿ ಹಿಡಿದು ಬಂದ ನನಗೆ ಜರ್ಮನ್ ಭಾಷೆಯ ಬಿ1 (ಮಧ್ಯಮ ಹಂತದ) ಪರೀಕ್ಷೆ ಮುಗಿಸಿದ್ದರಿಂದ 21 ತಿಂಗಳಿಗೇ ಕಾಯಂ ವಾಸದ ಹಕ್ಕು ಸಿಕ್ಕಿತು; ಅದೇ ಪರೀಕ್ಷೆಯನ್ನು ಆಕೆಯೂ ಪಾಸು ಮಾಡಿದ್ದಾರೆ.

ಕಾಯಂ ಹಕ್ಕು ಕೊಟ್ಟರೆ ಯಾರೂ ಹಿಂದಿರುಗುವುದಿಲ್ಲ, ಯುದ್ಧದಿಂದ ಜನ ಕಳೆದುಕೊಂಡ ಉಕ್ರೇನ್ ಇನ್ನಷ್ಟು ಬರಿದಾಗುತ್ತದೆ ಎಂಬ ಆತಂಕವನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ಪೋಲೆಂಡಿನಲ್ಲಿ 30 ದಿನಕ್ಕಿಂತ ಹೆಚ್ಚು ದೇಶದ ಹೊರಗಿದ್ದರೆ ಈ ರಕ್ಷಣೆಯೇ ಕೈತಪ್ಪುತ್ತದೆ. ಹೀಗಿರುವಾಗ ಊರಿಗೆ ಹೋಗಿ, ಮನೆ ರಿಪೇರಿ ಮಾಡಿಸಿ, ಕೆಲಸ ಸಿಗುವುದೋ ನೋಡೋಣ ಎಂಬ ಧೈರ್ಯ ಯಾರಿಗೆ ಬಂದೀತು? ಮರಳಿ ಬರುವ ಹಕ್ಕು ಜೇಬಿನಲ್ಲಿದ್ದವರು ಮಾತ್ರ ಅಂಥ ಪ್ರಯತ್ನ ಮಾಡಬಲ್ಲರು. 2025ರ ಜುಲೈಯಲ್ಲಿ, ಬೇರೆ ದೇಶದ ಪೌರತ್ವ ಪಡೆದರೂ ಉಕ್ರೇನಿನದನ್ನು ಉಳಿಸಿಕೊಳ್ಳಲು ಬಿಡುವ ಬಹುಪೌರತ್ವದ ಕಾನೂನಿಗೆ ಅಂಕಿತ ಬಿದ್ದಿರುವುದನ್ನು ನೋಡಿದರೆ ಸ್ವತಃ ಉಕ್ರೇನ್ ಇದನ್ನು ಮನಗಂಡಂತಿದೆ. ಇನ್ನು ಜರ್ಮನಿಗೆ ತನ್ನದೇ ಹಳೆಯ ಪಾಠವಿದೆ: 1990ರ ದಶಕದಲ್ಲಿ ಯುದ್ಧದಿಂದ ತಪ್ಪಿಸಿಕೊಂಡು ಬಂದ ಬಾಸ್ನಿಯಾದವರಲ್ಲಿ ಬಹುಪಾಲು ಮಂದಿ, ಮಕ್ಕಳು ಜರ್ಮನ್ ಕಲಿತ ಮೇಲೂ, ದೇಶ ಬಿಡಬೇಕಾಯಿತು, ಅವರಲ್ಲಿ ಅನೇಕರು ಊರಿಗಲ್ಲ, ಅಮೆರಿಕಕ್ಕೆ ಹೋದರು.

ಸ್ವಂತ ದುಡಿಮೆಯಲ್ಲಿ ಬದುಕುವವರಿಗೆ ಚೆಕ್ ಗಣರಾಜ್ಯ 2025ರಲ್ಲಿ ವಿಶೇಷ ದೀರ್ಘಾವಧಿ ಪರವಾನಗಿಯ ದಾರಿ ತೆರೆದಿದೆ. ಆದರೆ ವರ್ಷಕ್ಕೆ 4,40,000 ಕೊರುನಾ (ಚೆಕ್ ನಾಣ್ಯ) ಆದಾಯವಿರಬೇಕೆಂಬ ಷರತ್ತು, ಗಂಡನನ್ನು ಯುದ್ಧದ ನಾಡಿನಲ್ಲಿ ಬಿಟ್ಟು ಬಂದು ಒಂಟಿಯಾಗಿ ಮಗುವನ್ನು ಸಾಕುವ ತಾಯಿಗೆ ಎಟುಕುವುದು ಕಷ್ಟ. ಆದಾಯಕ್ಕಿಂತ ದುಡಿದ ವರ್ಷಗಳನ್ನೂ ಕಲಿತ ಭಾಷೆಯನ್ನೂ ಲೆಕ್ಕಕ್ಕೆ ಹಿಡಿಯುವುದು ನ್ಯಾಯ, ಮತ್ತು ಆ ನಿರ್ಧಾರ 2027ರ ಮಾರ್ಚ್‌ಗೆ ಮೊದಲೇ ಆಗಬೇಕು.

ಮೇಲಿನ ಮನೆಯ ಹುಡುಗ ಮಧ್ಯಾಹ್ನದವರೆಗೆ ಜರ್ಮನ್ ಶಾಲೆಯಲ್ಲಿರುತ್ತಾನೆ, ಸಂಜೆ ಲ್ಯಾಪ್‌ಟಾಪಿನ ಮುಂದೆ ಉಕ್ರೇನಿನ ಪಾಠಕ್ಕೆ ಕೂರುತ್ತಾನೆ. ಎರಡರಲ್ಲಿ ಒಂದನ್ನು ಬಿಡಿಸಬಾರದೇ ಎಂದು ಒಮ್ಮೆ ಕೇಳಿದ್ದೆ. ‘ಯಾವುದನ್ನು?’ ಎಂದು ಆಕೆ ನನ್ನನ್ನೇ ಕೇಳಿದರು.

ಇತಿ,
ನಿಮ್ಮ ಓದುಗ,
ಲೈಪ್‌ಜಿಗ್, ಜರ್ಮನಿ