ಬೀರೂರಿನ ಪಟ್ಟಿಯಲ್ಲಿ ನಿನ್ನ ಹೆಸರು

ಲೋ ಮಾನ್ಯ ಸಭಾಧ್ಯಕ್ಷರೇ,

ಮೂರನೇ ಬೋಂಡದ ವಿಷಯ ಇಲ್ಲಿ ಎತ್ತಲ್ಲ, ಹೆದರಬೇಡ. ಊರವರೆಲ್ಲ ಓದ್ತಾರೆ, ನಿನ್ನ ಹೆಂಡತಿಯೂ ಓದ್ತಾಳೆ.

ಮೊನ್ನೆ ಭಾನುವಾರ ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ಕ್ಷೇತ್ರ ಮರುವಿಂಗಡಣೆ, ಅಂದರೆ ಜನಸಂಖ್ಯೆ ನೋಡಿ ಸೀಟುಗಳನ್ನು ಮತ್ತೆ ಹಂಚೋ ಮಾತು ಬಂತು. ನನಗೆ ಇಂಥದ್ದು ಸಿಕ್ಕರೆ ಕೇಳಬೇಕಾ! ಕುಟುಂಬ ಯೋಜನೆಗೆ 'ಆರತಿಗೊಬ್ಬಳು, ಕೀರ್ತಿಗೊಬ್ಬ' ಅಂತ ಗೋಡೆಗೆಲ್ಲ ಬರೆಸಿದ್ದರು, ನಮ್ಮವರು ಕೇಳಿದರು. ಮಾತು ಕೇಳಿದ್ದಕ್ಕೆ ಲೋಕಸಭೆಯಲ್ಲಿ ನಮ್ಮ ಪಾಲೇ ಕರಗಬೇಕಾ ಅಂತ ಶುರು ಹಚ್ಚಿಕೊಂಡೆ. ಈಗಿನ 543 ಸೀಟಿನಲ್ಲಿ ರಾಜ್ಯಗಳ ಹಂಚಿಕೆ ನಿಂತಿರೋದು 1971ರ ಗಣತಿ ಮೇಲೆ. ಆಗ ದೇಶದಲ್ಲಿ ಇದ್ದದ್ದು ಸುಮಾರು 55 ಕೋಟಿ ಜನ. ಆ ಲೆಕ್ಕದಲ್ಲಿ ನಾನು, ನೀನು ಹುಟ್ಟೇ ಇಲ್ಲ ಕಣೋ. 1976ರಲ್ಲಿ ಅದಕ್ಕೆ ಬೀಗ ಹಾಕಿದರು, 2001ರ ತಿದ್ದುಪಡಿಯಲ್ಲಿ ಅದೇ ಬೀಗವನ್ನು 2026ರ ನಂತರದ ಮೊದಲ ಗಣತಿವರೆಗೆ ಎಳೆದರು. ಕರ್ನಾಟಕಕ್ಕೆ 28, ಅಷ್ಟೇ. ಇಷ್ಟೆಲ್ಲ ಹೇಳಿ ಕಾಫಿ ಲೋಟ ಕೆಳಗಿಟ್ಟೆ. ಎಲ್ಲರೂ ತಲೆ ಆಡಿಸಿದರು.

ಬೆಂಗಳೂರಿಂದ ಬಂದಿದ್ದ ಅಕ್ಕನ ಮಗ ಮಾತ್ರ ಆಡಿಸಲಿಲ್ಲ. "ಮಾವ, 2024ರಲ್ಲಿ ಬೆಂಗಳೂರು ಉತ್ತರದಲ್ಲಿ 32 ಲಕ್ಷ ಮತದಾರರು. ನಿಮ್ಮ ಹಾಸನದಲ್ಲಿ 17 ಲಕ್ಷ ಚಿಲ್ಲರೆ. ಇಬ್ಬರಿಗೂ ಒಬ್ಬೊಬ್ಬರೇ ಎಂ.ಪಿ. ನಮ್ಮ ಓಟು ನಿಮ್ಮದರ ಅರ್ಧನಾ?" ಅಂದ. (ಡಿ.ಸಿ. ಚಿಕ್ಕಮಗಳೂರಲ್ಲಿ, ಎಂ.ಎಲ್.ಎ. ಕಡೂರಿಗೆ, ಎಂ.ಪಿ. ಹಾಸನಕ್ಕೆ. ನಮ್ಮ ಸಂಸಾರ ನಿನಗೆ ಗೊತ್ತಲ್ಲ.)

ನಾನು ಬಿಲ್ ಕೊಡೋಕೆ ಎದ್ದೆ. ಅಲ್ಲಿಗೇ ತಿಳಿದುಕೋ ಎಷ್ಟು ಇಕ್ಕಟ್ಟಾಗಿತ್ತು ಅಂತ.

ದೆಹಲಿಗೆ ನಾನು ಕೇಳೋ ಪ್ರಶ್ನೆಯನ್ನೇ ಆ ಹುಡುಗ ನನಗೆ ತಿರುಗಿಸಿದ. ಉತ್ತರ ಭಾರತದವರು ತಲೆ ಎಣಿಸಿ ಅಂದರೆ ಅನ್ಯಾಯ ಅಂತೀನಿ. ನಮ್ಮ ರಾಜ್ಯದೊಳಗೇ ತಲೆ ಎಣಿಸಿದರೆ ಕರಗೋರು ನಾವೇ. ಒಮ್ಮೆ ಕರಗಿಯೂ ಆಗಿದೆ. 2008ರ ವಿಧಾನಸಭೆ ಚುನಾವಣೆಗೆ ಬೀರೂರು ಅನ್ನೋ ಕ್ಷೇತ್ರವೇ ಇರಲಿಲ್ಲ, ಹಾಸನದ ಕಡೆ ಗಂಡಸಿಯೂ ಹೋಯ್ತು. ಒಟ್ಟು ಮಾತ್ರ 224 ಇದ್ದಂಗೇ ಇತ್ತು. ಇಲ್ಲಿ ಕಳೆದದ್ದು ಬೆಂಗಳೂರಿನ ಕಡೆ ಕೂಡಿತು. ಸೀಟು ಹೆಚ್ಚಿಸಿ ಅನ್ನೋಣ ಅಂದರೆ, 10 ಲಕ್ಷಕ್ಕೊಬ್ಬರಂತೆ 2011ರ ಜನಕ್ಕೇ 1,200 ಮಂದಿ ಬೇಕು. ಹೊಸ ಲೋಕಸಭೆಯಲ್ಲಿ ಹಾಕಿರೋ ಕುರ್ಚಿ 888. ರಾಜ್ಯಗಳ ಪಾಲು ಹಾಗೇ ಇಟ್ಟು ಒಟ್ಟು ಸಂಖ್ಯೆ ಹೆಚ್ಚಿಸೋದು ಒಳ್ಳೇದು ಅಂತ ಈಗಲೂ ನನ್ನ ವಾದ. ಆದರೆ ರಾಜ್ಯದೊಳಗೆ ಅಕ್ಕನ ಮಗನದ್ದೇ ಸರಿ. ಸರಿ ಅಂತ ಗೊತ್ತು, ಒಪ್ಪೋಕೆ ಮನಸ್ಸಿಲ್ಲ.

ನಮ್ಮ ಜಿಲ್ಲೆಯ ಜನ 2001ರಲ್ಲಿ 11.41 ಲಕ್ಷ ಇದ್ದದ್ದು 2011ರಲ್ಲಿ 11.38 ಲಕ್ಷಕ್ಕೆ ಇಳಿಯಿತು. ಹೋಟೆಲಿನಲ್ಲಿ ನಾನು ಇದನ್ನು ಕುಟುಂಬ ಯೋಜನೆಯ ಖಾತೆಗೆ ಬರೆದೆ. ಬರೀ ಅದೇ ಅಲ್ಲ ಅಂತ ನನಗೂ ಗೊತ್ತು. ನಾನೇ ಸಂಜೆ ರೈಲು ಹತ್ತಿಸಿ ಕಳಿಸಿದವರನ್ನು ಲೆಕ್ಕ ಹಾಕಿದರೆ ಸಾಕು, ಒಂದು ಕೈಯ ಬೆರಳು ಮುಗಿದು ಇನ್ನೊಂದು ಕೈಗೆ ಹೋಗುತ್ತೆ.

ಇಷ್ಟಕ್ಕೇ ನಿಲ್ಲಿಸಬೇಕಿತ್ತು. ಹೇಳಿಬಿಡ್ತೀನಿ.

ಹೋದ ತಿಂಗಳು ಅಂಗನವಾಡಿ ಟೀಚರ್ ಮತದಾರರ ಪಟ್ಟಿ ಹಿಡಿದು ಬಂದಿದ್ದರು. ಪಟ್ಟಿಯಲ್ಲಿ ನೀನು ಇನ್ನೂ ಇದ್ದೀಯ, ಅದೇ ಹಳೇ ಫೋಟೊ, ಮೀಸೆಯದ್ದು. ನಿಮ್ಮ ಮನೆ ಬಾಗಿಲ ಬೀಗ ಅಲ್ಲಾಡಿಸಿ ನೋಡಿದರು, ಕೈಗೆ ತುಕ್ಕು ಹತ್ತಿತು, ಸೆರಗಿಗೆ ಒರೆಸಿಕೊಂಡು ನಮ್ಮ ಜಗಲಿಗೆ ಬಂದರು. "ಇವರು ಇದ್ದಾರಾ ಸಾರ್, ತೆಗೀಲಾ?" ಅಂದರು. ಪೆನ್ನಿನ ಕ್ಯಾಪ್ ತೆಗೆದಾಗಿತ್ತು.

"ಇದ್ದಾನೆ, ತೋಟಕ್ಕೆ ಹೋಗಿದ್ದಾನೆ" ಅಂದೆ.

ಯಾವ ತೋಟ! ಮಾರಿ ಆರು ವರ್ಷ. ಬೆಂಗಳೂರಿನ ದಾಸರಹಳ್ಳಿಯಲ್ಲಿ ನೀನು ಪಟ್ಟಿಗೆ ಸೇರಿಲ್ಲ, ಇಲ್ಲಿಗೆ ಓಟು ಹಾಕೋಕೂ ಬರಲ್ಲ. 2027ರ ಮಾರ್ಚ್ 1ರ ಗಣತಿಗೆ ಬೆಂಗಳೂರಿನ ತಲೆ, ಕಾಗದದಲ್ಲಿ ಬೀರೂರಿನ ಮೀಸೆ. ಪ್ರಜಾಪ್ರಭುತ್ವಕ್ಕೋಸ್ಕರ ನಾನು ಸುಳ್ಳು ಹೇಳಲಿಲ್ಲ ಕಣೋ. ಆ ಪುಟದಲ್ಲಿ ನಮ್ಮ ಬ್ಯಾಚಿನದು ಉಳಿದಿರೋದು ಎರಡೇ ಹೆಸರು. ನಿನ್ನ ಮೇಲೆ ಗೆರೆ ಎಳೆಯೋದನ್ನು ಕೂತು ನೋಡೋಕೆ ಆಗಲಿಲ್ಲ. ಟೀಚರಿಗೂ ಗೊತ್ತಾಗಿರಬೇಕು. ಏನೂ ಅನ್ನದೆ ಕ್ಯಾಪ್ ಹಾಕಿದರು, ಕಾಫಿ ಕುಡಿದು ಹೋದರು.

ಥೂ, ವಯಸ್ಸಾಯ್ತು ಮಾರಾಯ. ನಾಳೆ ಆ ಟೀಚರ್ ಇದನ್ನು ಓದಿದರೆ ನನ್ನ ಕಥೆ ಮುಗೀತು. ನೀನೇ ಅಲ್ಲಿ ಅರ್ಜಿ ಹಾಕಿ ಹೆಸರು ಬದಲಾಯಿಸಿಕೋ, ಅದೇ ಸರಿ. ಅಷ್ಟರೊಳಗೆ ನನ್ನನ್ನು ಒಳಗೆ ಹಾಕಿದರೆ ಜಾಮೀನಿಗಾದರೂ ಊರಿಗೆ ಬಾ. ಹೋಟೆಲಿನವರಿಗೆ ಹೇಳಿಟ್ಟಿದ್ದೀನಿ, ನಿನಗೆ ಎರಡೇ ಬೋಂಡ.

ಇಂತಿ,
ವಿರೋಧ ಪಕ್ಷದ ನಾಯಕ