ದೀಪ ಬೆಳಗಿಸಿದ ಶಾಸಕರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ,

ಚಿಕ್ಕಮಗಳೂರು ಜಿಲ್ಲೆಯ ಕಾಫಿ ತೋಟವೊಂದರಲ್ಲಿ ಇಪ್ಪತ್ತೆರಡು ವರ್ಷಗಳಿಂದ ರೈಟರ್ (ಲೆಕ್ಕಪತ್ರ ನೋಡುವ ಗುಮಾಸ್ತ) ಆಗಿರುವ ನಾನು, ತಮ್ಮ ಕಚೇರಿಗೆ ಮೂರು ಮನವಿ ಕೊಟ್ಟು, ಮೂರಕ್ಕೂ ಸ್ವೀಕೃತಿ ಮೊಹರು ಪಡೆದು, ಉತ್ತರ ಮಾತ್ರ ಕಾಣದೆ ಇದನ್ನು ಎಲ್ಲರೆದುರು ಬರೆಯುತ್ತಿದ್ದೇನೆ. ನಮ್ಮ ತಾಲ್ಲೂಕಿಗೆ ಕೃತಕ ಬುದ್ಧಿಮತ್ತೆಯನ್ನು (ಎಐ) ಕಲಿಸುವ, ಮಾನ್ಯತೆಯುಳ್ಳ ಪ್ರಮಾಣಪತ್ರ ಕೊಡುವ ಸರ್ಕಾರಿ ಕೇಂದ್ರವೊಂದು ಬೇಕು.

ಕಳೆದ ವರ್ಷ ಕಲ್ಯಾಣ ಮಂಟಪದಲ್ಲಿ ಖಾಸಗಿ ಸಂಸ್ಥೆಯೊಂದು ನಡೆಸಿದ ಎರಡು ದಿನಗಳ ಎಐ ತರಬೇತಿಯನ್ನು ತಾವು ಮರೆತಿರಲಾರಿರಿ. ದೀಪ ಬೆಳಗಿಸಿದವರು ತಾವೇ. ಬಿಸಿಎ ಮುಗಿಸಿದ ಮಗಳ ಶುಲ್ಕಕ್ಕೆಂದು ನಾನು ಮಾಲೀಕರಲ್ಲಿ ಪಡೆದ 12,000 ರೂಪಾಯಿ ಮುಂಗಡ ಇಂದಿಗೂ ಸಂಬಳದಲ್ಲಿ ಮುರಿದುಹೋಗುತ್ತಿದೆ. ನೂರಕ್ಕೂ ಹೆಚ್ಚು ಮಕ್ಕಳಿಗೆ ಇದ್ದದ್ದು ಒಂದು ಪ್ರೊಜೆಕ್ಟರ್. ಮಧ್ಯಾಹ್ನ ಕರೆಂಟು ಹೋದ ಮೇಲೆ, ಚಾಟ್‌ಜಿಪಿಟಿಗೆ ಕೇಳಬೇಕಾದ ಪ್ರಶ್ನೆಗಳನ್ನು ನೋಟ್‌ಬುಕ್ಕಿನಲ್ಲಿ ಬರೆಸಿದರಂತೆ. (ನಮ್ಮ ಕಾಲದಲ್ಲಿ ಇದನ್ನು ಉಕ್ತಲೇಖನ ಎನ್ನುತ್ತಿದ್ದರು.) ಮರುದಿನ ಎಲ್ಲರಿಗೂ ‘ಎಐ ತಜ್ಞ’ ಪ್ರಮಾಣಪತ್ರ. ಬೆಂಗಳೂರಿನಲ್ಲಿ ಮಗಳ ಕೆಲಸದ ಸಂದರ್ಶನದಲ್ಲಿ ಅದರ ಮೇಲಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ತೆರೆದುಕೊಂಡದ್ದು ಆ ಸಂಸ್ಥೆಗೆ ಹಣ ಕಟ್ಟುವ ಪುಟ! ಯಂತ್ರಕ್ಕೆ ಕಲಿಸಲು ಬಳಸಿದ ದತ್ತಾಂಶದಿಂದಲೇ ಅದನ್ನು ಪರೀಕ್ಷಿಸಬಾರದು ಏಕೆ ಎಂಬ ಮೊದಲ ಪಾಠದ ಪ್ರಶ್ನೆಗೂ ನಮ್ಮ ತಜ್ಞೆಯಲ್ಲಿ ಉತ್ತರವಿರಲಿಲ್ಲ. ರಾತ್ರಿ ಬಸ್ಸಿನಲ್ಲಿ ಬಂದವಳು ಎರಡು ದಿನ ಮಾತಾಡಲಿಲ್ಲ.

ಕೌಶಲ ಪ್ರಮಾಣಪತ್ರಗಳ ಮಾನ್ಯತೆಗೆಂದೇ ರಾಷ್ಟ್ರೀಯ ವೃತ್ತಿಶಿಕ್ಷಣ ಮತ್ತು ತರಬೇತಿ ಪರಿಷತ್ತು ಇರುವುದನ್ನು ತಮಗೆ ನಾನು ತಿಳಿಸಬೇಕಿಲ್ಲ. 2024ರ ಮಾರ್ಚ್‌ನಲ್ಲಿ ಕೇಂದ್ರ ಸಂಪುಟವು ಒಪ್ಪಿದ, 10,300 ಕೋಟಿ ರೂಪಾಯಿ ಮೀರಿದ ಇಂಡಿಯಾ ಎಐ ಮಿಷನ್‌ನಲ್ಲಿ ಸಣ್ಣ ನಗರಗಳಿಗೂ ದತ್ತಾಂಶ ಮತ್ತು ಎಐ ಕಲಿಸುವ ಪ್ರಯೋಗಾಲಯದ ಮಾತಿರುವುದನ್ನೂ ತಾವು ಬಲ್ಲಿರಿ. ಅದನ್ನು ನಮ್ಮವರೆಗೆ ತರಬೇಕಾದವರು ಯಾರು?

‘ಮನೆಯಲ್ಲೇ ಕಲಿಯಬಹುದಲ್ಲ’ ಎಂದರು ತಮ್ಮ ಆಪ್ತ ಸಹಾಯಕರು. ಹೌದು, ಐಐಟಿಗಳು ನಡೆಸುವ ಎನ್‌ಪಿಟಿಇಎಲ್‌ನ ಆನ್‌ಲೈನ್ ಪಾಠಗಳು ಉಚಿತ, ಪರೀಕ್ಷೆಗಷ್ಟೇ 1,000 ರೂಪಾಯಿ; ಮಗಳು ಈಗ ಅದಕ್ಕೆ ಸೇರಿದ್ದಾಳೆ. ಆದರೆ ಮಳೆಗಾಲದಲ್ಲಿ ತೋಟಕ್ಕೆ ನೆಟ್‌ವರ್ಕ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅಸೈನ್‌ಮೆಂಟ್ ಕಳುಹಿಸಲು ಅವಳು ಕೊಡೆ ಹಿಡಿದು ಗುಡ್ಡ ಹತ್ತುತ್ತಾಳೆ, ಜಿಗಣೆ ಕಿತ್ತುಕೊಳ್ಳುತ್ತಾ ಇಳಿಯುತ್ತಾಳೆ.

ಆದ್ದರಿಂದ ಮತ್ತೆ ಕೇಳುತ್ತೇನೆ, ಮಾನ್ಯತೆಯುಳ್ಳ ಕೇಂದ್ರವೊಂದನ್ನು ಕೊಡಿಸಿ. ಹತ್ತು ಕಂಪ್ಯೂಟರು, ಯುಪಿಎಸ್, ಕಡಿತವಾಗದ ಇಂಟರ್ನೆಟ್, ವಿಷಯ ಬಲ್ಲ ಒಬ್ಬ ಮೇಷ್ಟ್ರು, ಇಷ್ಟರಿಂದ ಆರಂಭವಾದರೂ ಸಾಕು. ಅಲ್ಲಿಯವರೆಗೆ, ದೀಪ ಬೆಳಗಿಸಲು ಕರೆಯುವವರ ಮಾನ್ಯತಾ ಪತ್ರವನ್ನಾದರೂ ಮೊದಲು ಕೇಳಿ ನೋಡಿ. ನಾಲ್ಕನೆಯ ಮನವಿಯನ್ನು ಸೋಮವಾರ ತಮ್ಮ ಕಚೇರಿಗೆ ನಾನೇ ತರುತ್ತೇನೆ; ಕೇಂದ್ರ ಬೇಕು ಎಂಬ ಒಂದೇ ಸಾಲು ಅದರಲ್ಲಿರುತ್ತದೆ.

ಇಂತಿ,
ತಮ್ಮ ಕ್ಷೇತ್ರದ ಮತದಾರ